ಮರಳುಗಾಡಿನ ದೂಳು ಕರಾವಳಿ ಕಡಲಿಗೆ ಏನು ತರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳನ್ನು ಮುಖ್ಯವಾಗಿ ಅರಬ್ಬಿ ಸಮುದ್ರವನ್ನು ಮುಂದಿಟ್ಟುಕೊಂಡು ಬರೆಯಲಾಗಿದೆ. ಪಶ್ಚಿಮಕ್ಕೂ ಉತ್ತರಕ್ಕೂ ಮರಳುಗಾಡುಗಳೇ ಸುತ್ತುವರಿದ ಕಡಲು ಅದು, ನಮ್ಮ ಕರಾವಳಿಯ ಕಡಲೂ ಅದೇ. ಬೇರೆ ಕಡೆ ಒಳ್ಳೆಯ ಪ್ರಯೋಗ ನಡೆದಿದ್ದರೆ ಅದನ್ನೂ ಸೇರಿಸಿದ್ದೇವೆ. ಸುದ್ದಿಯಲ್ಲಿ ದೂಳಿನ ಟನ್ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಆದರೆ ಕಡಲಿನ ಜೀವಿಗಳಿಗೆ ಮುಖ್ಯವಾಗುವುದು ಬಿದ್ದದ್ದರಲ್ಲಿ ಎಷ್ಟು ಕರಗಿತು, ಕರಗಿದ್ದು ಎಷ್ಟು ದಿನ ನೀರಿನಲ್ಲಿ ನಿಂತಿತು ಎಂಬುದು.

ಲೇಶ ಧಾತು ಎಂದರೆ ಯಾವುವು? ಎಷ್ಟು ಕಡಿಮೆ ಇದ್ದರೆ ‘ಲೇಶ’?

ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಕೋಬಾಲ್ಟ್, ನಿಕ್ಕಲ್, ಕ್ಯಾಡ್ಮಿಯಂ, ಸೀಸ ಇತ್ಯಾದಿ. ಅಲ್ಯೂಮಿನಿಯಂ ನೆಲದ ಮೇಲೆ ಹೇರಳ, ಕಡಲ ನೀರಿನಲ್ಲಿ ಮಾತ್ರ ಲೇಶ. ತೆರೆದ ಕಡಲಿನ ಮೇಲ್ಪದರದಲ್ಲಿ ಕರಗಿದ ಕಬ್ಬಿಣ ಲೀಟರಿಗೆ ಹೆಚ್ಚಾಗಿ 0.1ರಿಂದ 1 ನ್ಯಾನೋಮೋಲ್ ಇರುತ್ತದೆ (ಮೋಲ್ ಎಂದರೆ ಪರಮಾಣುಗಳನ್ನು ಎಣಿಸುವ ಅಳತೆ, ನ್ಯಾನೋ ಎಂದರೆ ಅದರ ನೂರು ಕೋಟಿಯಲ್ಲಿ ಒಂದು ಭಾಗ). ಬೇಸಿಗೆಯಲ್ಲಿ ಊರಿಗೆ ನೀರು ತರುವ 10,000 ಲೀಟರಿನ ಟ್ಯಾಂಕರ್ ನೆನಪಿಸಿಕೊಳ್ಳಿ. ಅದರಲ್ಲಿ ಪೂರ್ತಿ ಕಡಲ ನೀರು ತುಂಬಿದರೂ, ಲೀಟರಿಗೆ 1 ನ್ಯಾನೋಮೋಲ್ ಲೆಕ್ಕದಲ್ಲಿ ಅಷ್ಟರಲ್ಲೂ ಇರುವ ಕಬ್ಬಿಣ ಅರ್ಧ ಮಿಲಿಗ್ರಾಂಗಿಂತ ಚೂರು ಹೆಚ್ಚು. ಅಳೆಯುವವರ ಕಷ್ಟವೆಲ್ಲ ಈ ಅಂಕಿಯಿಂದಲೇ ಶುರುವಾಗುತ್ತದೆ.

ಅರಬ್ಬಿ ಸಮುದ್ರಕ್ಕೆ ದೂಳು ಎಲ್ಲಿಂದ, ಯಾವಾಗ ಬರುತ್ತದೆ?

ಹೆಚ್ಚಿನ ದೂಳು ಏಳುವುದು ಆ ಮರಳುಗಾಡುಗಳ ಬೇಸಿಗೆಯಲ್ಲಿ, ಅದರಲ್ಲೂ ಜೂನ್‌ನಿಂದ ಆಗಸ್ಟ್‌ವರೆಗೆ. ಇರಾಕ್‌ನ ಟೈಗ್ರಿಸ್-ಯೂಫ್ರಟಿಸ್ ಬಯಲಿನಿಂದ ಕುವೈತ್, ಸೌದಿ ಕಡೆಗೆ ಬೀಸುವ ವಾಯವ್ಯ ಗಾಳಿಗೆ ಶಮಾಲ್ ಎಂದು ಹೆಸರು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕನ್ನಡಿಗರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಇರಾನ್-ಅಫ್ಘಾನಿಸ್ತಾನ ಗಡಿಯ ಸಿಸ್ತಾನ್‌ನಲ್ಲಿ ‘120 ದಿನದ ಗಾಳಿ’ ಬೀಸುತ್ತದೆ. ಅಲ್ಲಿನ ಹಾಮೂನ್ ಕೆರೆಗಳು ಬತ್ತಿದ ವರ್ಷ ಆ ಗಾಳಿಗೆ ಕೆರೆಯಂಗಳದ ನುಣುಪಾದ ಮಣ್ಣೇ ಸಿಗುತ್ತದೆ. ಒಮಾನ್, ಯೆಮನ್, ಆಫ್ರಿಕಾದ ಕೊಂಬು (ಸೊಮಾಲಿಯಾದ ಕಡೆ), ಇರಾನ್-ಪಾಕಿಸ್ತಾನದ ಮಕ್ರಾನ್ ಕರಾವಳಿ, ಥಾರ್ ಕೂಡ ತಮ್ಮ ಪಾಲು ಕೊಡುತ್ತವೆ.

ಚಳಿಗಾಲದಲ್ಲಿ ದೂಳು ಕಡಿಮೆ, ಆದರೂ ಇಲ್ಲದೇ ಇಲ್ಲ. 2022ರ ಜನವರಿ 23ರಂದು ಪಾಕಿಸ್ತಾನದ ಕಡೆಯಿಂದ ಬಂದ ದೂಳು ಗುಜರಾತ್ ದಾಟಿ ಮುಂಬೈವರೆಗೂ ಕವಿದು, ಕಾರುಗಳ ಮೇಲೆ ಬಿಳಿಯ ಪುಡಿಯಾಗಿ ಕೂತಿತ್ತು.

ಜೂನ್-ಜುಲೈನಲ್ಲಿ ಕಡಲ ಮಟ್ಟದಲ್ಲಿ ಬೀಸುವುದು ತೇವ ತುಂಬಿದ ನೈಋತ್ಯ ಮುಂಗಾರು ಗಾಳಿ. ಅರೇಬಿಯಾದ ಒಣ, ಬಿಸಿ ಗಾಳಿ ಅದರ ಬೆನ್ನೇರಿ ಎರಡು ಕಿಲೋಮೀಟರಿಗಿಂತ ಎತ್ತರದಲ್ಲಿ ಸಾಗುತ್ತದೆ. ಹಾಗಾಗಿ ಆಕಾಶದಲ್ಲಿ ದೂಳು ದಟ್ಟವಾಗಿದ್ದ ಮಾತ್ರಕ್ಕೆ ಕೆಳಗಿನ ನೀರಿಗೆ ಅದು ಬೀಳುತ್ತಿದೆ ಎಂದು ಹೇಳುವಂತಿಲ್ಲ.

ದೂಳು ಕಡಲಿಗೆ ಇಳಿಯುವುದು ಹೇಗೆ?

ತಾನಾಗಿ ಕೆಳಗೆ ಕೂರುವುದು ಒಂದು ದಾರಿ, ಮಳೆ ತೊಳೆದು ತರುವುದು ಇನ್ನೊಂದು. ಯಾವುದು ಹೆಚ್ಚು ಎಂಬುದನ್ನು ಕಣದ ಗಾತ್ರ ತೀರ್ಮಾನಿಸುತ್ತದೆ. 10 ಮೈಕ್ರೋಮೀಟರ್ (ಮಿಲಿಮೀಟರಿನ ನೂರನೇ ಒಂದು ಭಾಗ) ಅಡ್ಡಳತೆಯ ಕಣ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಇಳಿಯುತ್ತದೆ. 3 ಕಿಲೋಮೀಟರ್ ಎತ್ತರದಿಂದ ಕೆಳಗೆ ಬರಲು ನಾಲ್ಕು ದಿನ ಚಿಲ್ಲರೆ ಸಾಕು. 1 ಮೈಕ್ರೋಮೀಟರ್ ಕಣದ ವೇಗ ಅದರ ನೂರನೇ ಒಂದು ಭಾಗದಷ್ಟು. ಅದು ತನ್ನ ಭಾರಕ್ಕೇ ಇಳಿಯಬೇಕೆಂದರೆ ವರ್ಷ ಹಿಡಿಯುತ್ತದೆ, ಅದನ್ನು ಇಳಿಸುವುದು ಮಳೆಯೇ. ದಪ್ಪ ಕಣಗಳು ಮೂಲದ ಹತ್ತಿರವೇ ಉದುರುತ್ತವೆ, ನುಣ್ಣನೆಯವು ಮಾತ್ರ ಸಾವಿರಾರು ಕಿಲೋಮೀಟರ್ ಹೋಗುತ್ತವೆ.

ನೀರಿಗೆ ಬಿದ್ದ ಮೇಲೂ ಇದೇ ಲೆಕ್ಕ. 10 ಮೈಕ್ರೋಮೀಟರ್ ಕಣ ದಿನಕ್ಕೆ ಸುಮಾರು 8 ಮೀಟರ್ ಮುಳುಗುತ್ತದೆ. ಗಾಳಿ ಕಲಸುವ ಮೇಲ್ಪದರ 30 ಮೀಟರ್ ಇದ್ದರೆ ಹೆಚ್ಚು ಕಡಿಮೆ ನಾಲ್ಕು ದಿನದಲ್ಲಿ ಅದನ್ನು ದಾಟಿಬಿಡುತ್ತದೆ. ಕೊಡಬೇಕಾದದ್ದನ್ನು ಅಷ್ಟರೊಳಗೆ ಕೊಡಬೇಕು.

ದೂಳಿನಲ್ಲಿ ಇಷ್ಟೊಂದು ಕಬ್ಬಿಣ ಇದ್ದರೂ ಕಡಲಿಗೆ ದಕ್ಕುವುದು ಅಷ್ಟು ಕಡಿಮೆ ಏಕೆ?

ಉತ್ತರ ಕರ್ನಾಟಕದ ರೈತರಿಗೆ ಇದರ ಉತ್ತರ ಹೊಲದಲ್ಲೇ ಗೊತ್ತಿದೆ. ಸುಣ್ಣದಂಶ ಜಾಸ್ತಿ ಇರುವ ಕಪ್ಪು ಭೂಮಿಯಲ್ಲಿ ಶೇಂಗಾ, ಕಬ್ಬಿನ ಎಳೆಯ ಎಲೆ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ರಸಸಾರ (pH) 8 ದಾಟಿದರೆ ಅದು ಕರಗದೆ ಕುಳಿತಿರುತ್ತದೆ. ಅದಕ್ಕೇ ಅನ್ನಭೇದಿಗೆ (ಕಬ್ಬಿಣದ ಸಲ್ಫೇಟ್) ಚೂರು ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೆ ಸಿಂಪಡಿಸುತ್ತಾರೆ. ಕಡಲ ನೀರಿನ ರಸಸಾರವೂ ಸುಮಾರು 8.1. ಅಲ್ಲಿ ಸಿಟ್ರಿಕ್ ಆಮ್ಲದ ಕೆಲಸವನ್ನು ಬ್ಯಾಕ್ಟೀರಿಯಾ, ಪಾಚಿಗಳು ಬಿಡುವ ಸಾವಯವ ಅಣುಗಳು ಮಾಡುತ್ತವೆ. ಅವನ್ನು ಲಿಗ್ಯಾಂಡ್ ಎನ್ನುತ್ತಾರೆ. ಕಡಲಿನಲ್ಲಿ ಕರಗಿದ ಕಬ್ಬಿಣದ ಶೇ 99ಕ್ಕೂ ಹೆಚ್ಚು ಈ ಅಣುಗಳ ಹಿಡಿತದಲ್ಲೇ ಇರುತ್ತದೆ. ಲಿಗ್ಯಾಂಡ್ ಮುಗಿದರೆ ಮಿಕ್ಕ ಕಬ್ಬಿಣ ತುಕ್ಕಿನಂತಹ ಕಣವಾಗಿ ಗಟ್ಟಿಯಾಗುತ್ತದೆ.

ಎರಡನೆಯ ಕಾರಣ ದೂಳಿನ ಒಳಗೇ ಇದೆ. ಅದರ ಕಬ್ಬಿಣ ಬಹುಪಾಲು ಜೇಡಿ ಖನಿಜಗಳ ಪದರದೊಳಗೆ, ಕಬ್ಬಿಣದ ಖನಿಜಗಳಾದ ಹೆಮಟೈಟ್, ಗೋಯಥೈಟ್ ಹರಳುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಮೂಲದ ಹತ್ತಿರ ಹಿಡಿದ ತಾಜಾ ದೂಳಿನಲ್ಲಿ ಕರಗುವ ಕಬ್ಬಿಣ ಸಾಮಾನ್ಯವಾಗಿ ಶೇ 1ರ ಆಸುಪಾಸು. ದಾರಿಯಲ್ಲಿ ಕಾರ್ಖಾನೆ, ವಾಹನಗಳ ಗಂಧಕ-ಸಾರಜನಕದ ಆಮ್ಲಗಳು ಕಣಕ್ಕೆ ಮೆತ್ತಿಕೊಂಡರೆ ಈ ಪಾಲು ಏರುತ್ತದೆ. ಎಣ್ಣೆ, ಕಲ್ಲಿದ್ದಲು ಉರಿದ ಹೊಗೆಯ ಕಣಗಳಲ್ಲಂತೂ ಶೇ 10ನ್ನೂ ಮೀರಬಹುದು. ಅರೇಬಿಯಾದ ದೂಳಿನಲ್ಲಿ ಸುಣ್ಣದ ಖನಿಜಗಳು ಹೆಚ್ಚು. ಅವು ಆಮ್ಲವನ್ನು ಮೊದಲು ತಾವೇ ನುಂಗಿಬಿಡುವುದರಿಂದ ಕಬ್ಬಿಣಕ್ಕೆ ಅದರ ಪೆಟ್ಟು ತಡವಾಗಿ ಬೀಳುತ್ತದೆ.

ಎಲ್ಲ ಧಾತುಗಳೂ ಇಷ್ಟು ಬಿಗಿಯಲ್ಲ. ಮ್ಯಾಂಗನೀಸ್ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಕರಗುವುದು ಸಾಮಾನ್ಯ. ಸತು, ಕ್ಯಾಡ್ಮಿಯಂ ಕೂಡ ಬೇಗ ಬಿಟ್ಟುಕೊಡುತ್ತವೆ.

ಒಂದು ದೂಳುಗಾಳಿಯ ಲೆಕ್ಕ ಹಾಕಿ ತೋರಿಸುವಿರಾ?

ಚದರ ಮೀಟರಿಗೆ 1 ಗ್ರಾಂ ದೂಳು ಬಿತ್ತು ಎನ್ನಿ. ಭೂಮಿಯ ಮೇಲ್ಪದರದ ಸರಾಸರಿಯಂತೆ ಅದರಲ್ಲಿ ಕಬ್ಬಿಣ ಶೇ 3.5, ಅಂದರೆ 35 ಮಿಲಿಗ್ರಾಂ. ಶೇ 1 ಕರಗಿದರೆ 0.35 ಮಿಲಿಗ್ರಾಂ. ಕಬ್ಬಿಣದ ಪರಮಾಣು ತೂಕ 55.85ರಿಂದ ಭಾಗಿಸಿದರೆ ಸುಮಾರು 6.3 ಮೈಕ್ರೋಮೋಲ್. 30 ಮೀಟರ್ ಮೇಲ್ಪದರದಲ್ಲಿ ಪ್ರತಿ ಚದರ ಮೀಟರಿನ ಕೆಳಗೆ 30,000 ಲೀಟರ್ ನೀರಿದೆ. ಹಂಚಿದರೆ ಲೀಟರಿಗೆ 0.2 ನ್ಯಾನೋಮೋಲ್. ಕಡಲಿನಲ್ಲಿ ಮೊದಲೇ ಇರುವ ಕಬ್ಬಿಣಕ್ಕೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ಕೊಡುಗೆ.

ಅದೇ ದೂಳಿನ ರಂಜಕಕ್ಕೆ ಲೆಕ್ಕ ಹಾಕಿ ನೋಡಿ. ಗ್ರಾಂಗೆ ಸುಮಾರು 0.7 ಮಿಲಿಗ್ರಾಂ, ಶೇ 10 ಕರಗಿದರೂ ಲೀಟರಿಗೆ 0.08 ನ್ಯಾನೋಮೋಲ್‌ಗಿಂತ ಕಡಿಮೆ. ಅರಬ್ಬಿ ಸಮುದ್ರದ ಮೇಲ್ಪದರದಲ್ಲಿ ಫಾಸ್ಫೇಟ್ ನೂರಾರು ನ್ಯಾನೋಮೋಲ್ ಇರುವಾಗ ಇದು ಲೆಕ್ಕಕ್ಕೇ ಇಲ್ಲ. ತಾಮ್ರ ಗ್ರಾಂಗೆ 28 ಮೈಕ್ರೋಗ್ರಾಂ ಮಾತ್ರ, ಶೇ 10 ಕರಗಿದರೆ 0.0015 ನ್ಯಾನೋಮೋಲ್. ‘ದೂಳು ಕಡಲಿಗೆ ಗೊಬ್ಬರ’ ಎಂಬ ಮಾತನ್ನು ಹೀಗೆ ಧಾತು ಧಾತುವಾಗಿ ಬಿಡಿಸಿ ಕೇಳಬೇಕು.

ದೂಳು ಬಿದ್ದ ಮೇಲೆ ನೀರಿನ ಕಬ್ಬಿಣ ಕಡಿಮೆಯಾಗಲು ಸಾಧ್ಯವೇ?

ಸಾಧ್ಯ, ಆಗಿದ್ದೂ ಇದೆ. 2008ರ ಜೂನ್‌ನಲ್ಲಿ ಮೆಡಿಟರೇನಿಯನ್‌ನ ಕೋರ್ಸಿಕಾ ದ್ವೀಪದ ಕೊಲ್ಲಿಯೊಂದರಲ್ಲಿ ‘ಡ್ಯೂನ್’ ಯೋಜನೆಯ ಪ್ರಯೋಗ ನಡೆಯಿತು. 52 ಘನ ಮೀಟರ್ ಕಡಲ ನೀರು ಹಿಡಿಯುವ ಪ್ಲಾಸ್ಟಿಕ್ ಚೀಲಗಳನ್ನು ಕಡಲಿನಲ್ಲೇ ಇಳಿಬಿಟ್ಟು, ಚದರ ಮೀಟರಿಗೆ 10 ಗ್ರಾಂನಂತೆ ಸಹಾರಾ ದೂಳನ್ನು ಮೇಲಿನಿಂದ ಚಿಮುಕಿಸಿದರು. ಕರಗಿದ ಕಬ್ಬಿಣ ಏರುತ್ತದೆ ಎಂದುಕೊಂಡರೆ ಇಳಿಯಿತು. ಮುಳುಗುತ್ತಿದ್ದ ದೂಳಿನ ಕಣಗಳೇ ನೀರಿನಲ್ಲಿದ್ದ ಕಬ್ಬಿಣವನ್ನು ಮೈಗೆ ಅಂಟಿಸಿಕೊಂಡು ಕೆಳಗೆ ಒಯ್ದಿದ್ದವು.

ಇದು ಅಪರೂಪದ ವಿಚಿತ್ರವಲ್ಲ. ಥೋರಿಯಂನಂತಹ, ಕಣಕ್ಕೆ ಅಂಟುವ ಎಲ್ಲ ಧಾತುಗಳಿಗೂ ಇದೇ ಗತಿ. ದೂಳು ಕೊಡುತ್ತಲೂ ಇರುತ್ತದೆ, ಗುಡಿಸುತ್ತಲೂ ಇರುತ್ತದೆ. ಲಿಗ್ಯಾಂಡ್ ಎಷ್ಟಿದೆ, ದೂಳು ಒಮ್ಮೆಲೇ ಬಿತ್ತೋ ಸ್ವಲ್ಪ ಸ್ವಲ್ಪವಾಗಿ ಬಿತ್ತೋ ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಕಡಲಿನ ಕಂಪ್ಯೂಟರ್ ಮಾಡೆಲ್‌ಗಳಲ್ಲಿ ‘ಕರಗುವ ಪಾಲು ಶೇ 2’ ಎಂದು ಒಂದೇ ಅಂಕಿ ಹಾಕಿ ಮುಂದೆ ಹೋಗುವುದು ನಮ್ಮ ದೃಷ್ಟಿಯಲ್ಲಿ ಈ ವಿಷಯದಲ್ಲಿ ನಡೆಯುವ ಅತಿ ದೊಡ್ಡ ತಪ್ಪು.

ಕರ್ನಾಟಕದ ಕರಾವಳಿಗೆ ದೂಳೇ ಮುಖ್ಯ ಮೂಲವೇ?

ದಡದ ಹತ್ತಿರ ಅಲ್ಲ. ಕಾಳಿ, ಶರಾವತಿ, ನೇತ್ರಾವತಿ ಹರಿದು ಬರುವುದು ಕಬ್ಬಿಣ ತುಂಬಿದ ಮುರಕಲ್ಲಿನ (ಜಂಬಿಟ್ಟಿಗೆ, ಲ್ಯಾಟರೈಟ್) ನೆಲದಿಂದ. ನದಿಯ ಕರಗಿದ ಕಬ್ಬಿಣದ ಬಹುಪಾಲು ಅಳಿವೆಯಲ್ಲಿ ಉಪ್ಪುನೀರು ತಾಗುತ್ತಿದ್ದಂತೆ ಹಾಲು ಒಡೆದ ಹಾಗೆ ಮುದ್ದೆಗಟ್ಟಿ ತಳಕ್ಕೆ ಇಳಿಯುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಆಳವಿಲ್ಲದ ಕಡಲಿನಲ್ಲಿ ತಳದ ನೀರಿನ ಆಮ್ಲಜನಕ ತೀರಾ ಇಳಿದುಬಿಡುತ್ತದೆ. ಆಗ ತಳದ ಕೆಸರಿನಿಂದ ಕಬ್ಬಿಣ, ಮ್ಯಾಂಗನೀಸ್ ಮತ್ತೆ ಕರಗಿ ಮೇಲೇಳುತ್ತವೆ.

ದೂಳಿನ ಪಾಲು ಎದ್ದು ಕಾಣುವುದು ನದಿಗಳು ಸೊರಗಿದ ಒಣ ತಿಂಗಳುಗಳಲ್ಲಿ, ದಡದಿಂದ ದೂರ ಸರಿದಂತೆ. ಪಶ್ಚಿಮ ಅರಬ್ಬಿ ಸಮುದ್ರದಲ್ಲಿ, ಒಮಾನ್ ಕಡೆ, ಮುಂಗಾರಿನಲ್ಲಿ ತಳದಿಂದ ನೈಟ್ರೇಟ್ ಉಕ್ಕಿ ಬರುತ್ತದೆ. ಅದನ್ನು ಪೂರ್ತಿ ಬಳಸಲು ಪಾಚಿಗಳಿಗೆ ಕಬ್ಬಿಣ ಸಾಲದೆ ಹೋಗುತ್ತದೆ ಎಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಮರಳುಗಾಡಿನ ಮಗ್ಗುಲಲ್ಲೇ ಕಬ್ಬಿಣದ ಕೊರತೆ! ಕರಗುವ ಪಾಲು ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ದೂಳು ಬಿದ್ದರೆ ಪಾಚಿ ಹೆಚ್ಚುತ್ತದೆಯೇ?

ಕೆಲವು ಸಲ. ಸಾರಜನಕವೇ ಇಲ್ಲದ ನೀರಿಗೆ ಕಬ್ಬಿಣ ಮಾತ್ರ ಬಿದ್ದರೆ ಸಾಮಾನ್ಯ ಪಾಚಿಗಳಿಗೆ ಪ್ರಯೋಜನವಿಲ್ಲ. ಲಾಭ ಪಡೆಯುವುದು ಗಾಳಿಯ ಸಾರಜನಕವನ್ನೇ ಹಿಡಿಯಬಲ್ಲ ಟ್ರೈಕೋಡೆಸ್ಮಿಯಂ ಎಂಬ ನೀಲಿ-ಹಸಿರು ಪಾಚಿ. ಬೇಸಿಗೆಯಲ್ಲಿ ನಮ್ಮ ಕಡಲಿನ ಮೇಲೆ ಮರದ ಹೊಟ್ಟಿನಂತೆ ತೇಲುವ ಕಂದು ಪಟ್ಟೆಗಳು ಇದರದೇ. ಸಾರಜನಕ ಹಿಡಿಯುವ ಇದರ ಕಿಣ್ವಕ್ಕೆ ಕಬ್ಬಿಣ ವಿಪರೀತ ಬೇಕು. ಕೆಂಪು ಸಮುದ್ರದ ಅಕಾಬಾ ಕೊಲ್ಲಿಯ ಟ್ರೈಕೋಡೆಸ್ಮಿಯಂ ಗುಂಪುಗಳು ದೂಳಿನ ಕಣವನ್ನು ಹಿಡಿದು, ತಮ್ಮ ಎಳೆಗಳ ಮೇಲೆ ಸಾಗಿಸಿ, ನಟ್ಟನಡುವೆ ಸೇರಿಸಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಹೊರಗೆ ಮುಳುಗಿಹೋಗುವ ಕಣವನ್ನು ಹೀಗೆ ಹಿಡಿದಿಟ್ಟುಕೊಂಡರೆ ಕರಗಿಸಲು ಸಮಯ ಸಿಗುತ್ತದೆ.

ಫ್ಲೋರಿಡಾದ ಪಶ್ಚಿಮ ಕರಾವಳಿಯಲ್ಲಿ 1999ರ ಬೇಸಿಗೆಯಲ್ಲಿ ಸಹಾರಾ ದೂಳು ಬಿದ್ದ ನಂತರ ಟ್ರೈಕೋಡೆಸ್ಮಿಯಂ ಸುಮಾರು ನೂರು ಪಟ್ಟು ಏರಿತು. ಅದು ಬಿಟ್ಟುಕೊಟ್ಟ ಸಾರಜನಕ ಅಲ್ಲಿನ ವಿಷಕಾರಿ ಕೆಂಪು ಪಾಚಿಗೆ ಆಹಾರವಾಗುತ್ತದೆ ಎಂಬುದು ಸಂಶೋಧಕರ ವಾದ.

ದೂಳು ಹಾನಿಯನ್ನೂ ಮಾಡಬಹುದೇ?

ಅಕಾಬಾ ಕೊಲ್ಲಿಯ ನೀರಿಗೆ ಬೇರೆ ಬೇರೆ ದಿಕ್ಕಿನಿಂದ ಬಂದ ವಾಯುಕಣಗಳನ್ನು ಬೆರೆಸಿ ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಕೆಲವು ಮಾದರಿಗಳು ಬೆಳವಣಿಗೆ ಹೆಚ್ಚಿಸಿದವು, ಕೆಲವು ಸಿನೆಕೊಕಾಕಸ್‌ನಂತಹ ಅತಿ ಸಣ್ಣ ಜೀವಿಗಳಿಗೆ ಮಾರಕವಾದವು. ಅನುಮಾನ ಬಿದ್ದದ್ದು ತಾಮ್ರದ ಮೇಲೆ. ಮೇಲಿನ ಲೆಕ್ಕದಲ್ಲಿ ಬರೀ ಮಣ್ಣಿನ ತಾಮ್ರ ನಗಣ್ಯ ಎಂದು ಕಂಡಿರಿ. ವಾಹನಗಳ ಬ್ರೇಕ್ ಪುಡಿ, ಲೋಹ ಕರಗಿಸುವ ಕುಲುಮೆ ಸೇರಿಕೊಂಡಾಗ ಚಿತ್ರ ಬದಲಾಗುತ್ತದೆ.

ಇಂಥ ಕಡಲಿನ ಬಂಗುಡೆ, ಬೂತಾಯಿ ತಿನ್ನಬಹುದೇ?

ತಿನ್ನಬಹುದು. ದೂಳು ಸೇರಿಸುವ ಪ್ರಮಾಣ ಲೀಟರಿಗೆ ನ್ಯಾನೋಗ್ರಾಂಗಳ ಮಟ್ಟದ್ದು.

ಗಾಳಿಯ ದೂಳನ್ನು ಹಿಡಿಯುವುದು ಹೇಗೆ?

ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಎಳೆಯುವ ಹೈ ವಾಲ್ಯೂಮ್ ಸ್ಯಾಂಪ್ಲರ್ ಬಳಸುತ್ತಾರೆ. 24 ಗಂಟೆಗೆ 1,580 ಘನ ಮೀಟರ್ ಆಗುತ್ತದೆ. ಗಾಳಿಯಲ್ಲಿ ಘನ ಮೀಟರಿಗೆ 25 ಮೈಕ್ರೋಗ್ರಾಂ ದೂಳಿದ್ದರೆ ಫಿಲ್ಟರ್ ಮೇಲೆ 40 ಮಿಲಿಗ್ರಾಂ ಕೂರುತ್ತದೆ.

ಫಿಲ್ಟರ್ ವಾಟ್‌ಮನ್ 41ರಂತಹ ಸೆಲ್ಯುಲೋಸ್ ಇರಲಿ. ಗಾಜಿನ ನಾರಿನ ಫಿಲ್ಟರ್‌ನಲ್ಲಿ ಸತು, ಅಲ್ಯೂಮಿನಿಯಂ ಮೊದಲೇ ಇರುವುದರಿಂದ ಅದು ಈ ಕೆಲಸಕ್ಕೆ ಬೇಡವೇ ಬೇಡ. ಬಳಸುವ ಮುಂಚೆ 0.5 ಮೋಲಾರ್ ಶುದ್ಧ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಆಮ್ಲ ಹೋಗುವವರೆಗೆ ತೊಳೆದು, ಸ್ವಚ್ಛ ಗಾಳಿಯ ಪೆಟ್ಟಿಗೆಯಲ್ಲಿ ಒಣಗಿಸಬೇಕು. ಹಡಗಿನ ಮೇಲೆ ಗಾಳಿ ಮುಂಭಾಗದಿಂದ ಬೀಸುವಾಗ ಮಾತ್ರ ಪಂಪ್ ಓಡುವಂತೆ ದಿಕ್ಕಿನ ಸ್ವಿಚ್ ಕಡ್ಡಾಯ, ಇಲ್ಲವಾದರೆ ಹಡಗಿನ ಚಿಮಣಿಯ ಹೊಗೆಯನ್ನೇ ಅಳೆದಂತಾಗುತ್ತದೆ. ಮಾದರಿಗಳ ಪ್ರತಿ ಕಂತಿನಲ್ಲೂ ಯಂತ್ರಕ್ಕೆ ಹಾಕಿ, ಪಂಪ್ ಓಡಿಸದೆ ತೆಗೆದ ಕೆಲವು ಖಾಲಿ ಫಿಲ್ಟರ್‌ಗಳು ಇರಲೇಬೇಕು. ಮಾದರಿಗಳನ್ನು ಮೈನಸ್ 20 ಡಿಗ್ರಿಯಲ್ಲಿ ಇಡಿ.

ದಡದ ಮೇಲೆ ಮಹಡಿಯಲ್ಲಿ ಇಡುವುದಾದರೆ ಸುತ್ತ ನೋಡಿಕೊಳ್ಳಿ. ತುಕ್ಕು ಹಿಡಿದ ಕಬ್ಬಿಣದ ಕಟಕಟೆ, ತಗಡಿನ ಚಾವಣಿ, ಪುಡಿ ಉದುರುವ ಹಳೆಯ ಮಂಗಳೂರು ಹೆಂಚು ಎಲ್ಲವೂ ಕಬ್ಬಿಣ ಸುರಿಸುವ ಮೂಲಗಳೇ.

ಕರಗುವ ಪಾಲನ್ನು ಲ್ಯಾಬ್‌ನಲ್ಲಿ ಹೇಗೆ ಅಳೆಯುತ್ತಾರೆ?

ಫಿಲ್ಟರನ್ನು ತುಂಡು ಮಾಡಿ ಮೂರು ಬಗೆಯಲ್ಲಿ ಪರೀಕ್ಷಿಸುವುದು ರೂಢಿ. ಒಂದು ತುಂಡಿನ ಮೂಲಕ 100 ಮಿಲಿಲೀಟರ್ ಅತಿಶುದ್ಧ ನೀರನ್ನು ಕೆಲವೇ ಸೆಕೆಂಡಿನಲ್ಲಿ ಎಳೆಯುತ್ತಾರೆ. ಇದು ತಕ್ಷಣ ಕರಗುವ ಪಾಲು. ಇನ್ನೊಂದನ್ನು ಶೇ 25 ಅಸಿಟಿಕ್ ಆಮ್ಲ ಮತ್ತು ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್ ದ್ರಾವಣದಲ್ಲಿ ಹಾಕಿ, 90 ಡಿಗ್ರಿಗೆ 10 ನಿಮಿಷ ಕಾಯಿಸಿ, ಒಟ್ಟು ಎರಡು ಗಂಟೆ ಬಿಡುತ್ತಾರೆ. ಇದು ಕಡಲಿನಲ್ಲಿ ನಿಧಾನವಾಗಿ ದೊರಕಬಹುದಾದ ಪಾಲಿನ ಅಂದಾಜು. ಮೂರನೆಯದನ್ನು ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಪೂರ್ತಿ ಕರಗಿಸಿ ಒಟ್ಟು ಪ್ರಮಾಣ ತೆಗೆಯುತ್ತಾರೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಇಳಿದು ಮೂಳೆ, ಹೃದಯಕ್ಕೆ ಅಪಾಯ ತರುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಲ್ಲಿ ಇಲ್ಲದೆ ಆ ಬಾಟಲಿ ತೆರೆಯಬೇಡಿ.

ಶುದ್ಧ ನೀರಿನಲ್ಲಿ ಸಿಕ್ಕ ಕಬ್ಬಿಣದ ಅಂಕಿ ಕಡಲ ನೀರಿನಲ್ಲಿ ಸಿಗುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಯಾವ ವಿಧಾನ ಎಂದು ಹೇಳದ ‘ಕರಗುವ ಶೇಕಡಾವಾರು’ ಅಂಕಿಗೆ ಅರ್ಥವೇ ಇಲ್ಲ.

ಕಡಲ ನೀರಿನ ಮಾದರಿ ಎಲ್ಲಿ ಕೆಡುತ್ತದೆ?

ಮುಖ್ಯವಾಗಿ ಸತು ಮತ್ತು ಕಬ್ಬಿಣದಲ್ಲಿ. ಪುಡಿ ಹಚ್ಚಿದ ಕೈಗವಸಿನ ಪುಡಿಯಲ್ಲಿ ಸತು ಇರುತ್ತದೆ. ರಬ್ಬರ್ ವಾಷರ್, ಸತು ಲೇಪಿಸಿದ ತಂತಿ, ದೋಣಿಯ ತಳಕ್ಕೆ ತುಕ್ಕು ತಡೆಯಲು ಬಡಿದ ಸತುವಿನ ಗಟ್ಟಿ ಕೂಡ ಸತು ಬಿಡುತ್ತವೆ. ಉಕ್ಕಿನ ಹಗ್ಗದ ಬದಲು ಕೆವ್ಲಾರ್ ಹಗ್ಗ, ಒಳಗೆ ಟೆಫ್ಲಾನ್ ಲೇಪಿಸಿದ ಬಾಟಲಿ ಬೇಕು. ಸಣ್ಣ ದೋಣಿಯಿಂದಾದರೆ ಎಂಜಿನ್ ಆರಿಸಿ, ಗಾಳಿಗೆ ಎದುರಾಗಿ, ಮೂತಿಯ ಕಡೆಯಿಂದ ಕೈಚಾಚಿ ತುಂಬಿ. 0.2 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿ, ಅತಿಶುದ್ಧ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ರಸಸಾರವನ್ನು 1.8ಕ್ಕಿಂತ ಕೆಳಗೆ ತನ್ನಿ. ಸೋಸುವ ಮೊದಲೇ ಆಮ್ಲ ಹಾಕಿದರೆ ಕಣಗಳೂ ಕರಗಿ ಮಾದರಿ ಹಾಳು.

ದೂಳು ಮರಳುಗಾಡಿನದೇ ಎಂದು ತಿಳಿಯುವುದು ಹೇಗೆ?

ಮೊದಲು ಪ್ರತಿ ಧಾತುವನ್ನೂ ಮಣ್ಣಿನ ಗುರುತಾದ ಅಲ್ಯೂಮಿನಿಯಂಗೆ ಹೋಲಿಸಿ. ಉದಾಹರಣೆಗೆ ಘನ ಮೀಟರಿಗೆ ಅಲ್ಯೂಮಿನಿಯಂ 2,000 ನ್ಯಾನೋಗ್ರಾಂ, ಸೀಸ 20 ಇದ್ದರೆ ಅನುಪಾತ 0.01. ಭೂಪದರದಲ್ಲಿ ಅದು ಸುಮಾರು 0.0002. ಭಾಗಿಸಿದರೆ 50ರ ಹತ್ತಿರ. 10ಕ್ಕಿಂತ ಮೇಲಿದ್ದರೆ ಅದು ಬರೀ ಮಣ್ಣಿನದಲ್ಲ, ಮನುಷ್ಯನ ಕೈಯೂ ಇದೆ ಎಂದು ಲೆಕ್ಕ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಮುರಕಲ್ಲಿನ ಕ್ವಾರಿಯ ಕೆಂಪು ದೂಳು ಈ ಪರೀಕ್ಷೆಯಲ್ಲಿ ಅಪ್ಪಟ ‘ಮಣ್ಣು’ ಎಂದೇ ಪಾಸಾಗುತ್ತದೆ. ಅದನ್ನು ಬೇರೆ ಮಾಡಲು ಕ್ಯಾಲ್ಸಿಯಂ ನೋಡಿ. ಲಕ್ಷಾಂತರ ವರ್ಷಗಳ ಮಳೆ ಮುರಕಲ್ಲಿನ ಸುಣ್ಣವನ್ನೆಲ್ಲ ತೊಳೆದುಬಿಟ್ಟಿದೆ, ಅರೇಬಿಯಾದ ದೂಳಿನಲ್ಲಿ ಅದು ಹೇರಳ. ಉಪ್ಪಿನ ತುಂತುರಿನಲ್ಲೂ ಕ್ಯಾಲ್ಸಿಯಂ ಇರುವುದರಿಂದ ಸೋಡಿಯಂ ತೂಕದ ಶೇ 3.8ರಷ್ಟನ್ನು ಮೊದಲು ಕಳೆಯಿರಿ. ಜೊತೆಗೆ ಗಾಳಿ ಬಂದ ಹಾದಿಯನ್ನು ಹಿಂದಕ್ಕೆ ಎಳೆದು ತೋರಿಸುವ ಲೆಕ್ಕವೂ ಇರಲಿ.

ಉಪಗ್ರಹ ಚಿತ್ರ ಸಾಲದೇ?

ದೂಳು ಎಲ್ಲಿಂದ ಎದ್ದು ಎಲ್ಲಿಗೆ ಹೋಯಿತು ಎಂದು ನೋಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ‘ದೂಳು ಬಂದ ಮರುದಿನವೇ ಹಸಿರು ಹೆಚ್ಚಿತು’ ಎಂಬ ಚಿತ್ರವನ್ನು ಅನುಮಾನದಿಂದಲೇ ನೋಡಿ. ದೂಳಿನ ಕಬ್ಬಿಣದ ಆಕ್ಸೈಡ್ ನೀಲಿ ಬೆಳಕನ್ನು ಹೀರುತ್ತದೆ, ಪಾಚಿಯ ಹರಿತ್ತೂ ಹೀರುವುದು ನೀಲಿಯನ್ನೇ. ಹಾಗಾಗಿ ಲೆಕ್ಕದ ಸೂತ್ರ ದೂಳನ್ನೇ ಪಾಚಿ ಎಂದು ಓದಬಹುದು. ಕರಾವಳಿಯ ಕದಡಿದ ನೀರಿನಲ್ಲಿ ಈ ಗೊಂದಲ ಇಮ್ಮಡಿ. ಗಾಳಿ ತಿಳಿಯಾದ ಮೇಲೆಯೂ ಕೆಲವು ದಿನ ಹಸಿರು ಉಳಿದಿದ್ದರೆ, ದೋಣಿಯಿಂದ ತಂದ ನೀರೂ ಅದನ್ನೇ ಹೇಳಿದರೆ ನಂಬಿ.

ತಿಂಗಳಿಗೊಂದು ಮಾದರಿ ತೆಗೆದರೆ ವರ್ಷದ ಲೆಕ್ಕ ಸಿಗುತ್ತದೆಯೇ?

ಸಿಗುವುದಿಲ್ಲ. ಘನ ಮೀಟರಿಗೆ 25 ಮೈಕ್ರೋಗ್ರಾಂ ದೂಳಿರುವ ಸಾಧಾರಣ ದಿನ, ಸೆಕೆಂಡಿಗೆ 1 ಸೆಂಟಿಮೀಟರ್ ಇಳಿಯುವ ವೇಗ ಹಿಡಿದರೆ, ಚದರ ಮೀಟರಿಗೆ ಬೀಳುವುದು 0.02 ಗ್ರಾಂ. ಗಾಳಿಯಲ್ಲಿ 1,000 ಮೈಕ್ರೋಗ್ರಾಂ ಇರುವ ಒಂದೇ ದಿನ 0.86 ಗ್ರಾಂ ಬೀಳುತ್ತದೆ. ಅಂದರೆ ಆ ಒಂದು ದಿನ ನಲವತ್ತು ಸಾಧಾರಣ ದಿನಗಳಿಗೆ ಸಮ. ಅದನ್ನು ತಪ್ಪಿಸಿಕೊಂಡರೆ ವರ್ಷದ ಲೆಕ್ಕವೇ ತಪ್ಪುತ್ತದೆ. ಇಳಿಯುವ ವೇಗವೂ ಕಣದ ಗಾತ್ರಕ್ಕೆ ತಕ್ಕಂತೆ ಎರಡು ಮೂರು ಪಟ್ಟು ಆಚೀಚೆ ಆಗಬಹುದು. ಆದ್ದರಿಂದ ಫಿಲ್ಟರ್ ಸಂಗ್ರಹ ದಿನ ಬಿಡದೆ ನಡೆಯಲಿ, ಪಕ್ಕದಲ್ಲೇ ಮಳೆ ಬಂದಾಗ ಮಾತ್ರ ಮುಚ್ಚಳ ತೆರೆಯುವ ಮಳೆ ಸಂಗ್ರಾಹಕ ಇರಲಿ. ಬೇಸಿಗೆಯ ಕೊನೆಯ ಮೊದಲ ಮಳೆಯನ್ನು ಪ್ರತ್ಯೇಕ ಬಾಟಲಿಯಲ್ಲಿ ಹಿಡಿಯಿರಿ. ಅಲ್ಲಿಯವರೆಗೆ ಗಾಳಿಯಲ್ಲಿ ತೇಲುತ್ತಿದ್ದ ನುಣ್ಣನೆಯ ದೂಳಿನ ದೊಡ್ಡ ಪಾಲು ಆ ಬಾಟಲಿಯಲ್ಲಿರುತ್ತದೆ.